ಮುಂದೂಡಿದ ಪ್ರವಾಸ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್ ಎಂಬ ಊರಿನಲ್ಲಿ ಮೈಸೂರಿನ ದಂಪತಿಗಳ ಬಾಡಿಗೆಯ ಮನೆಯೊಂದಿತ್ತು. ಆ ಮನೆಯ ಅಡಿಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಎಳೆದ ಒಂದು ಗೆರೆ. ನೆಲದಿಂದ ಅದರ ಎತ್ತರ ಸರಿಯಾಗಿ 44 ಅಂಗುಲ. 2019ರ ದಸರಾ ಹಬ್ಬದ ದಿನಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಆ ಮನೆಯ ಐದು ವರ್ಷದ ಹುಡುಗಿ ಚೌಕಟ್ಟಿಗೆ ಬೆನ್ನು ಆನಿಸಿ ಅಲುಗಾಡದೆ ನಿಲ್ಲುತ್ತಿದ್ದಳು. ತಂದೆ ಅವಳ ತಲೆಯ ಮೇಲೆ ಪುಸ್ತಕವೊಂದನ್ನು ಅಡ್ಡಲಾಗಿ ಇಟ್ಟು, ಗೆರೆಗೆ ಇನ್ನೆಷ್ಟು ದೂರವೆಂದು ನೋಡುತ್ತಿದ್ದರು. ಹಿಮ್ಮಡಿ ಮೇಲೆತ್ತಕೂಡದೆಂಬುದು ಆ ಆಟದ ಕಟ್ಟಳೆ.

ಗೆರೆಗೆ ಕಾರಣ ಸುಮಾರು 1,600 ಕಿಲೋಮೀಟರ್ ದೂರದಲ್ಲಿತ್ತು. ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊ ನಗರದ ಬಳಿ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿಹಾರಸ್ಥಳವಿದೆ. 1971ರ ಅಕ್ಟೋಬರ್ 1ರಂದು ತೆರೆದ ಈ ಸ್ಥಳ ಸುಮಾರು 100 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದುದು. ಅದರೊಳಗೆ ನಾಲ್ಕು ದೊಡ್ಡ ಉದ್ಯಾನಗಳುಂಟು. ಮ್ಯಾಜಿಕ್ ಕಿಂಗ್‌ಡಮ್ ಎಂಬ ಒಂದೇ ಉದ್ಯಾನಕ್ಕೆ 2019ರಲ್ಲಿ 2 ಕೋಟಿಗೂ ಹೆಚ್ಚು ಜನ ಬಂದು ಹೋದರೆಂದು ಅಂದಾಜು. ಕನ್ನಡ ನಾಡಿನ ಮಕ್ಕಳಿಗೆ ಜಾತ್ರೆಯ ತೊಟ್ಟಿಲು ಎಷ್ಟು ಪ್ರಿಯವೋ ಅಮೆರಿಕದ ಮಕ್ಕಳಿಗೆ ಅಲ್ಲಿನ ಆಟದ ಬಂಡಿಗಳು ಅಷ್ಟು ಪ್ರಿಯ. ಅವುಗಳಲ್ಲಿ ಸ್ಪೇಸ್ ಮೌಂಟನ್ ಎಂಬುದೊಂದು. ಕತ್ತಲೆಯಲ್ಲಿ, ನಕ್ಷತ್ರಗಳಂತೆ ಮಿನುಗುವ ದೀಪಗಳ ನಡುವೆ ಬಂಡಿಯು ಹಳಿಯ ಮೇಲೆ ಏರಿ, ತಿರುಗಿ, ಧುಮುಕುತ್ತದೆ. 44 ಅಂಗುಲಕ್ಕಿಂತ ಕುಳ್ಳಾದವರಿಗೆ ಅದರಲ್ಲಿ ಪ್ರವೇಶವಿಲ್ಲ.

ದಂಪತಿಗಳು ಎರಡು ವರ್ಷ ಹಣ ಕೂಡಿಸಿದ್ದರು. 2020ರ ಏಪ್ರಿಲ್ ತಿಂಗಳ ವಸಂತದ ರಜೆಯಲ್ಲಿ ಐದು ದಿನಗಳ ಪ್ರವಾಸವೆಂದು ನಿಶ್ಚಯವಾಯಿತು. ಮಗ ಇನ್ನೂ ಎರಡು ವರ್ಷ ತುಂಬದ ಕೂಸು. ಮೂರು ವರ್ಷದೊಳಗಿನವರಿಗೆ ಅಲ್ಲಿ ಟಿಕೆಟ್ಟು ಬೇಡವಾದ್ದರಿಂದ ಅದೊಂದು ಖರ್ಚು ಉಳಿಯಿತು. ಡಿಸೆಂಬರಿನಲ್ಲಿ ಮೈಸೂರಿನಿಂದ ಅಜ್ಜಿಯೂ ಬಂದರು. ಅವರಿಗೆ ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಏಪ್ರಿಲ್ ಕೊನೆಗೆ ಹಿಂದಿರುಗುವುದೆಂದು ಲೆಕ್ಕ ಹಾಕಿ ನಾಲ್ಕು ತಿಂಗಳಿಗೆ ಮೇಲೆ ಹತ್ತು ದಿನ ಸಾಲುವಷ್ಟು ಮಾತ್ರೆಗಳನ್ನು ಎಣಿಸಿ ತಂದಿದ್ದರು. ಮಾರ್ಚ್ ಮೊದಲನೆಯ ಭಾನುವಾರ ಪುಸ್ತಕವು ಗೆರೆಯನ್ನು ಮುಟ್ಟಿತು. ಅಂದು ಅಜ್ಜಿ ಹಾಲುಬಾಯಿ ಮಾಡಿದರು.

ಅದಾದ ಕೆಲವೇ ದಿನಗಳಲ್ಲಿ, ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. ಮಾರ್ಚ್ 15ರ ರಾತ್ರಿ ಡಿಸ್ನಿ ವರ್ಲ್ಡಿನ ಬಾಗಿಲು ಮುಚ್ಚಿತು. ಶಾಲೆಗಳು ಮುಚ್ಚಿದವು. ಮಾರ್ಚ್ 22ರಿಂದ ಭಾರತವು ವಿದೇಶಗಳಿಂದ ಬರುವ ಪ್ರಯಾಣಿಕರ ವಿಮಾನಗಳನ್ನು ನಿಲ್ಲಿಸಿತು. ಅಜ್ಜಿಯ ಹಿಂದಿರುಗುವ ಟಿಕೆಟ್ಟು ಬರಿಯ ಕಾಗದವಾಯಿತು. ಆ ವಸಂತದಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಗಳಲ್ಲಿ ರೋಗದ ಹಾವಳಿ ವಿಪರೀತವಾಗಿತ್ತು. ರಾತ್ರಿಯೆಲ್ಲ ಆಂಬುಲೆನ್ಸಿನ ಕೂಗು ಕೇಳಿಸುತ್ತಿತ್ತು. ಅಲ್ಲಿಂದ ವಿಮಾನದಲ್ಲಿ ಬಂದಿಳಿದವರು 14 ದಿನ ಯಾರೊಡನೆಯೂ ಬೆರೆಯದೆ ಪ್ರತ್ಯೇಕವಾಗಿರಬೇಕೆಂದು ಫ್ಲಾರಿಡಾದ ಗವರ್ನರ್ ಮಾರ್ಚ್ ಕೊನೆಯ ವಾರದಲ್ಲಿ ಆಜ್ಞೆ ಹೊರಡಿಸಿದರು. ಇದರಿಂದ ಆ ಮನೆಯವರಿಗೆ ಹೆಚ್ಚಿನ ನಷ್ಟವೇನೂ ಆಗಲಿಲ್ಲ. ಹೋಗುವ ಸ್ಥಳವೇ ಮುಚ್ಚಿದ ಮೇಲೆ ಹೋಗಬೇಕೆ ಬೇಡವೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪ್ರವಾಸವನ್ನು ಬೇಸಗೆಯ ರಜೆಗೆ ಮುಂದೂಡಿದರು.

ನಿಜವಾದ ಕಷ್ಟ ಆರಂಭವಾದದ್ದು ಬಾಗಿಲು ತೆರೆಯುತ್ತದೆಂಬ ಸುದ್ದಿ ಬಂದ ಮೇಲೆ. ಜುಲೈ 11ರಂದು ಉದ್ಯಾನ ಮತ್ತೆ ತೆರೆಯಿತು. ಆದರೆ ಹೊಸ ನಿಯಮಗಳೊಡನೆ. ಬರುವ ದಿನವನ್ನು ಮೊದಲೇ ಕಾದಿರಿಸಬೇಕು. ದ್ವಾರದಲ್ಲಿ ಮೈಯ ಕಾವನ್ನು ಅಳೆಯುತ್ತಾರೆ. 38 ಡಿಗ್ರಿ ಮುಟ್ಟಿದರೆ ಒಳಗೆ ಬಿಡುವುದಿಲ್ಲ. ಮೆರವಣಿಗೆಯಿಲ್ಲ, ಬಾಣಬಿರುಸಿಲ್ಲ, ಮಿಕ್ಕಿ ಇಲಿಯನ್ನು ಅಪ್ಪಿಕೊಳ್ಳುವಂತಿಲ್ಲ. ಎರಡು ವರ್ಷ ತುಂಬಿದವರೆಲ್ಲರೂ ಮುಖಗವಸು ಧರಿಸಬೇಕು. ಆ ಮನೆಯ ಕೂಸಿಗೆ ಮೇ ತಿಂಗಳಲ್ಲಿ ಎರಡು ತುಂಬಿತ್ತು! ಟೋಪಿಯನ್ನೇ ಎರಡು ನಿಮಿಷ ತಲೆಯ ಮೇಲೆ ಇರಿಸಿಕೊಳ್ಳದ ಮಗುವದು. ತೆರೆದ ಮೊದಲ ದಿನಗಳಲ್ಲಿ ನಡೆಯುತ್ತ ತಿನ್ನುವವರು ಮುಖಗವಸು ಇಳಿಸಬಹುದಾಗಿತ್ತು. ಕೈಯಲ್ಲಿ ಒಂದು ತಿಂಡಿ ಹಿಡಿದು ದಿನವೆಲ್ಲ ಬರಿಮುಖದಲ್ಲಿ ತಿರುಗುವ ಉಪಾಯವನ್ನು ಕೆಲವರು ಕಂಡುಕೊಂಡರು. ಒಂದು ವಾರ ಕಳೆಯುವುದರೊಳಗೆ, ತಿನ್ನುವಾಗ ಒಂದೆಡೆ ನಿಂತಿರಬೇಕೆಂದು ನಿಯಮ ಬದಲಾಯಿತು. ಮನುಷ್ಯನ ಜಾಣತನವು ನಿಯಮದ ಬೆನ್ನು ಹತ್ತಿ ಓಡುವುದು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ.

ಇಷ್ಟರಲ್ಲಿ ಗಾಳಿ ತಿರುಗಿತ್ತು. ನ್ಯೂಜೆರ್ಸಿಯಲ್ಲಿ ರೋಗ ಇಳಿಮುಖವಾಗಿ ಫ್ಲಾರಿಡಾದಲ್ಲಿ ಏರತೊಡಗಿತ್ತು. ಒಂದು ಲಕ್ಷ ಜನರಲ್ಲಿ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಹೊಸದಾಗಿ ಸೋಂಕು ತಗುಲಿದ, ಇಲ್ಲವೆ ಪರೀಕ್ಷೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸೋಂಕು ತೋರಿದ ರಾಜ್ಯಗಳಿಂದ ಬರುವವರು 14 ದಿನ ಪ್ರತ್ಯೇಕವಾಗಿರಬೇಕೆಂದು ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ಗವರ್ನರುಗಳು ಜೂನ್ 24ರಂದು ಒಟ್ಟಾಗಿ ಸಾರಿದರು. ಮೊದಲ ಪಟ್ಟಿಯಲ್ಲಿಯೇ ಫ್ಲಾರಿಡಾದ ಹೆಸರಿತ್ತು. ಹಾಗಾಗಿ ಅಲ್ಲಿಗೆ ಹೋದರೂ 14 ದಿನ, ಅಲ್ಲಿಂದ ಬಂದರೂ 14 ದಿನ! ಉದ್ಯಾನ ತೆರೆದ ಮರುದಿನ, ಜುಲೈ 12ರಂದು, ಫ್ಲಾರಿಡಾದಲ್ಲಿ 15,299 ಹೊಸ ಪ್ರಕರಣಗಳು ವರದಿಯಾದವು. ಅಮೆರಿಕದ ಯಾವ ರಾಜ್ಯವೂ ಅದುವರೆಗೆ ಒಂದೇ ದಿನದಲ್ಲಿ ಅಷ್ಟನ್ನು ಕಂಡಿರಲಿಲ್ಲ.

ಆದರೂ ತಂದೆ ಆಸೆ ಬಿಡಲಿಲ್ಲ. ಆಗಸ್ಟ್ ಕೊನೆಯ ವಾರಕ್ಕೆ ದಿನಗಳನ್ನು ಕಾದಿರಿಸಿ, ಪ್ರತಿದಿನ ಬೆಳಿಗ್ಗೆ ಮೊಬೈಲಿನಲ್ಲಿ ಎರಡೂ ರಾಜ್ಯಗಳ ಪ್ರಕಟಣೆಗಳನ್ನು ನೋಡುತ್ತಿದ್ದರು. ರೈತನು ಮಳೆಯ ಮೋಡವನ್ನು ನೋಡುವಂತೆ ಅವರು ಆ ಅಂಕಿಗಳನ್ನು ನೋಡುತ್ತಿದ್ದರು. ಆಗಸ್ಟ್ ಮೊದಲ ವಾರದಲ್ಲಿ ಫ್ಲಾರಿಡಾ ತನ್ನ ಆಜ್ಞೆಯನ್ನು ಹಿಂತೆಗೆದುಕೊಂಡಿತು.

ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅಡಿಗೆಮನೆಯ ಮೇಜಿನ ಸುತ್ತ ಮೂವರೂ ಕುಳಿತರು.

"ಇನ್ನು ಅಡ್ಡಿಯಿಲ್ಲ. ಹೋಗುವವರನ್ನು ಅಲ್ಲಿ ಯಾರೂ ತಡೆಯುವುದಿಲ್ಲ" ಎಂದರು ತಂದೆ.

"ಬಂದ ಮೇಲೆ?" ಎಂದರು ತಾಯಿ.

"ನಮ್ಮ ರಾಜ್ಯದ್ದು ಸಲಹೆಯಷ್ಟೆ. ಜನ ತಾವಾಗಿಯೇ ಪಾಲಿಸಬೇಕೆಂದು ಹೇಳಿದ್ದಾರೆ. ಮನೆಗೆ ಬಂದು ಯಾರು ಕೇಳುತ್ತಾರೆ?"

ಅವರು ಹೇಳಿದ್ದು ಸುಳ್ಳಲ್ಲ. ನ್ಯೂಜೆರ್ಸಿಯಲ್ಲಿ ಆ ಪ್ರತ್ಯೇಕವಾಸವನ್ನು ಜನರ ವಿವೇಚನೆಗೆ ಬಿಡಲಾಗಿತ್ತು. ಆದರೆ ಒಬ್ಬರೂ ಕೇಳದ ನಿಯಮವನ್ನು ಪಾಲಿಸುವುದು, ಪೊಲೀಸರು ಕಾಯುವ ನಿಯಮವನ್ನು ಪಾಲಿಸುವುದಕ್ಕಿಂತ ಕಠಿನವಾದ ಕೆಲಸ. ಅಲ್ಲಿ ತಪ್ಪಿಗೆ ದಂಡವಿದೆ. ಇಲ್ಲಿ ತಪ್ಪಾಯಿತೆಂದು ತಿಳಿಯುವ ಹೊತ್ತಿಗೆ ಯಾರದೋ ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿರುತ್ತಾರೆ.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕೆಳಗಿನ ಮನೆಯ ಮುದುಕ ದಂಪತಿಗಳಿಗೆ ಮಾರ್ಚಿನಿಂದ ವಾರವಾರ ದಿನಸಿ ತಂದುಕೊಡುತ್ತಿರುವವರು ನಾವು. ಬಂದ ಮೇಲೆ ಹದಿನಾಲ್ಕು ದಿನ ಅವರ ಬಾಗಿಲಲ್ಲಿ ಚೀಲ ಇಡುವವರು ಯಾರು? ನಾವೇ ಇಟ್ಟರೆ, ಎಲ್ಲಿಗೆ ಹೋಗಿ ಬಂದೆವೆಂದು ಅವರಿಗೆ ಹೇಳುವುದೋ ಬೇಡವೋ?"

ತಂದೆ ಉತ್ತರ ಕೊಡಲಿಲ್ಲ. ಅವರದು ಸ್ವಾರ್ಥದ ಮಾತೆಂದು ತಿಳಿಯುವುದು ತಪ್ಪು. ಐದು ತಿಂಗಳಿನಿಂದ ಮಗಳು ಗೆಳತಿಯರ ಮುಖ ಕಂಡಿರಲಿಲ್ಲ. ಕಂಪ್ಯೂಟರಿನ ಪರದೆಯೇ ಅವಳ ಶಾಲೆ. ರಾತ್ರಿ ಎದ್ದು ಕುಳಿತು ಅಳುವುದನ್ನು ಕಲಿತಿದ್ದಳು. ಅಲ್ಲದೆ ಅವರು ಇನ್ನೊಂದು ಮಾತನ್ನೂ ಎತ್ತಿದರು: "ಎಲ್ಲರೂ ಹೀಗೆಯೇ ಮನೆಯಲ್ಲಿ ಕುಳಿತರೆ ಅಲ್ಲಿ ಬಂಡಿ ನಡೆಸುವವರು, ಗುಡಿಸುವವರು, ಅಡಿಗೆ ಮಾಡುವವರು ಬದುಕುವುದು ಹೇಗೆ?" ಈ ಮಾತು ಹಗುರವಾದುದಲ್ಲ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಡಿಸ್ನಿ ಸಂಸ್ಥೆಯು ಅಮೆರಿಕದಲ್ಲಿ ತನ್ನ 28,000 ಮಂದಿ ನೌಕರರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅರೆಕಾಲಿಕ ಕೆಲಸಗಾರರು.

"ತೆರೆದದ್ದು ತೆರೆದೇ ಇರುತ್ತದೆಂದು ಏನು ನಂಬಿಕೆ?" ಎಂದು ತಾಯಿ ಮತ್ತೆ ಕೇಳಿದರು. "ಹಾಂಗ್‌ಕಾಂಗಿನ ಉದ್ಯಾನವನ್ನು ನೋಡಿ. ಜೂನ್ 18ಕ್ಕೆ ತೆರೆದರು, ಜುಲೈ 15ಕ್ಕೆ ಮತ್ತೆ ಮುಚ್ಚಿದರು. ಒಂದು ತಿಂಗಳೂ ನಡೆಯಲಿಲ್ಲ."

ಅದುವರೆಗೆ ಅಜ್ಜಿ ತಮ್ಮ ಮಾತ್ರೆಯ ಡಬ್ಬಿಯನ್ನು ತೆರೆದು ಮುಚ್ಚುತ್ತ ಕುಳಿತಿದ್ದರು. ತಂದ ಮಾತ್ರೆಗಳು ಮುಗಿದು ಎಷ್ಟೋ ದಿನಗಳಾಗಿದ್ದವು. ಈಗಿನವು ಮಗ ದುಬಾರಿ ಬೆಲೆಗೆ ಕೊಂಡು ತಂದವು. "ನನ್ನಿಂದ ಮಕ್ಕಳ ಸಂತೋಷಕ್ಕೆ ಕಲ್ಲು ಬೀಳುವುದು ಬೇಡಪ್ಪ" ಎಂದರು. "ನೀವು ನಾಲ್ವರೂ ಹೋಗಿ ಬನ್ನಿ. ಅನ್ನ ಸಾರು ಮಾಡಿಕೊಳ್ಳುವುದಕ್ಕೆ ನನಗೆ ಯಾರೂ ಬೇಡ."

"ಬಂದ ಮೇಲೂ ಹದಿನಾಲ್ಕು ದಿನ ನಿಮ್ಮ ಹತ್ತಿರ ಬರುವಂತಿಲ್ಲವಲ್ಲ ಅತ್ತೆ!"

"ಆಗಲಿ. ನಾನು ಆ ಕೋಣೆಯಲ್ಲಿರುತ್ತೇನೆ. ಐದು, ಹದಿನಾಲ್ಕು, ಹತ್ತೊಂಬತ್ತು ದಿನ. ಅದೇನು ಮಹಾ?"

ಮನೆಯಲ್ಲಿದ್ದದ್ದು ಎರಡು ಮಲಗುವ ಕೋಣೆಗಳು, ಒಂದು ಬಚ್ಚಲುಮನೆ. ಎರಡು ವರ್ಷದ ಮೊಮ್ಮಗ ದಿನಕ್ಕೆ ಹತ್ತು ಸಲ ಅಜ್ಜಿಯ ಕೋಣೆಯ ಬಾಗಿಲು ಬಡಿಯುತ್ತಿದ್ದ. ಬಾಗಿಲು ತೆರೆಯಕೂಡದೆಂಬ ನಿಯಮವನ್ನು ಅವನಿಗೆ ಹೇಳುವವರು ಯಾರು? ಅವನು ಬಡಿದಾಗ ತೆರೆಯದಿರುವ ಗಟ್ಟಿತನ ಅಜ್ಜಿಗೆ ಇದೆಯೆಂದು ಆ ಮೇಜಿನ ಸುತ್ತ ಕುಳಿತ ಯಾರೂ ನಂಬುವಂತಿರಲಿಲ್ಲ. ಸ್ವತಃ ಅಜ್ಜಿಯೂ ನಂಬಿರಲಿಲ್ಲ. ಮಾತು ಅಲ್ಲಿಗೆ ನಿಂತಿತು. ಬೆಳಿಗ್ಗೆ ಎದ್ದಾಗ ತಂದೆ ಕಾದಿರಿಸಿದ ದಿನಗಳನ್ನು ರದ್ದು ಮಾಡಿದ್ದರು. ವಿಮಾನದ ಟಿಕೆಟ್ಟಿನಲ್ಲಿ ಸ್ವಲ್ಪ ಹಣ ಹೋಯಿತು.

ಮಗಳಿಗೆ ಹೇಳುವ ಕೆಲಸವನ್ನು ಅಜ್ಜಿ ತಾವೇ ವಹಿಸಿಕೊಂಡರು. ಹುಡುಗಿ ಅಳಲಿಲ್ಲ. ಚೌಕಟ್ಟಿನ ಬಳಿಗೆ ಹೋಗಿ ಗೆರೆಯ ಮೇಲೆ ಬೆರಳಿಟ್ಟಳು. ಆ ಹೊತ್ತಿಗೆ ಅವಳ ತಲೆ ಗೆರೆಯನ್ನು ಒಂದು ಅಂಗುಲ ಮೀರಿತ್ತು.

"ಅಜ್ಜಿ, ಮುಂದಿನ ವರ್ಷ ನಾನು ತುಂಬ ಉದ್ದ ಆಗಿಬಿಟ್ಟರೆ?"

"ಆದರೇನು ಪುಟ್ಟಿ?"

"ಆಗ ಬಿಡುತ್ತಾರಾ?"

ಕುಳ್ಳಾದವರಿಗೆ ತಡೆಯಿರುವಂತೆ ಉದ್ದವಾದವರಿಗೂ ಇರಬಹುದೆಂಬ ಭಯ ಅವಳದು. ಅಷ್ಟು ತಿಂಗಳು ಹೊಸ ಹೊಸ ನಿಯಮಗಳನ್ನೇ ಕೇಳುತ್ತ ಬೆಳೆದ ಮಗುವಿಗೆ ಅದು ಅಸಹಜವೂ ಅಲ್ಲ. ಅಜ್ಜಿಗೆ ಉತ್ತರ ಗೊತ್ತಿರಲಿಲ್ಲ. ಮಗನನ್ನು ಕರೆದು ಕೇಳಿ ತಿಳಿದುಕೊಂಡು, ಬಿಡುತ್ತಾರೆಂದು ಹೇಳಿದರು.

ಸೆಪ್ಟೆಂಬರಿನಲ್ಲಿ ವಿಶೇಷ ವಿಮಾನವೊಂದರಲ್ಲಿ ಅಜ್ಜಿಗೆ ಸ್ಥಳ ದೊರೆಯಿತು. ಬೆಂಗಳೂರಿನಲ್ಲಿ ಇಳಿದವರನ್ನು ಎಲ್ಲಿ ಎಷ್ಟು ದಿನ ಇರಿಸಬೇಕೆಂಬ ಕಟ್ಟಳೆಯೂ ಆ ತಿಂಗಳುಗಳಲ್ಲಿ ಮೇಲಿಂದ ಮೇಲೆ ಬದಲಾಗಿತ್ತು. ಅವರು ಮೈಸೂರಿನ ತಮ್ಮ ಮನೆ ಸೇರಿ, ಒಂಬತ್ತು ತಿಂಗಳ ಧೂಳನ್ನು ತಾವೇ ಗುಡಿಸಿದರು.

ಆ ಕುಟುಂಬ ಆರ್ಲ್ಯಾಂಡೊ ನಗರಕ್ಕೆ ಹೋದದ್ದು 2021ರ ನವೆಂಬರ್ ಕೊನೆಯಲ್ಲಿ. ಹಿರಿಯರೆಲ್ಲ ಲಸಿಕೆ ಪಡೆದಾಗಿತ್ತು. ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೂ ಲಸಿಕೆ ಹಾಕಬಹುದೆಂದು ಆ ತಿಂಗಳ ಆರಂಭದಲ್ಲಿಯೇ ಅನುಮತಿ ದೊರೆತಿದ್ದರಿಂದ ಮಗಳಿಗೂ ಒಂದು ಚುಚ್ಚುಮದ್ದು ಆಗಿತ್ತು. ಕೂಸಿಗೆ ಮೂರು ವರ್ಷ ದಾಟಿ ಅವನಿಗೂ ಟಿಕೆಟ್ಟು ಕೊಳ್ಳಬೇಕಾಯಿತು. ಸ್ಪೇಸ್ ಮೌಂಟನ್ ಬಳಿ ಸಾಲಿನಲ್ಲಿ ನಿಂತಾಗ ಅಳತೆಯ ಕೋಲಿನ ಹತ್ತಿರ ಹುಡುಗಿ ತಾನಾಗಿಯೇ ಬೆನ್ನು ನೆಟ್ಟಗೆ ಮಾಡಿದಳು. ಕೆಲಸಗಾರ್ತಿ ನಕ್ಕು ಕೈಬೀಸಿ ಒಳಗೆ ಕಳುಹಿಸಿದಳು. ಅಳೆಯುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಹುಡುಗಿಗೆ ಅದರಿಂದ ಕೊಂಚ ನಿರಾಶೆಯಾಯಿತು.

ರಾತ್ರಿ ಎಂಟು ಗಂಟೆಗೆ ಕೋಟೆಯ ಮೇಲೆ ಬಾಣಬಿರುಸು ಹಾರತೊಡಗಿತು. ಮೈಸೂರಿನಲ್ಲಿ ಆಗ ಬೆಳಿಗ್ಗೆ ಆರೂವರೆ. ತಂದೆ ಮೊಬೈಲನ್ನು ಮೇಲೆತ್ತಿ ಹಿಡಿದರು. ಪುಟ್ಟ ಪರದೆಯಲ್ಲಿ ಅಜ್ಜಿಯ ಮುಖ ಕಂಡಿತು. ರಂಗೋಲಿಯ ಬಟ್ಟಲು ಇನ್ನೂ ಕೈಯಲ್ಲಿತ್ತು. ಆಕಾಶದ ಬಣ್ಣಗಳನ್ನು ಅವರು ಒಂದು ಗಳಿಗೆ ನೋಡಿ, ಮೊಮ್ಮಗಳ ಮುಖವನ್ನೇ ದಿಟ್ಟಿಸಿದರು.

"ಪುಟ್ಟಿ, ಮುಖಗವಸು ಎಲ್ಲಿ?"

"ಹೊರಗಡೆ ಬೇಡವಂತೆ ಅಜ್ಜಿ. ಒಳಗೆ ಹೋದಾಗ ಮಾತ್ರ."

"ಯಾವಾಗಿನಿಂದ?"

"ನನಗೂ ಗೊತ್ತಿಲ್ಲ. ಬದಲಾಗಿದೆ" ಎಂದಳು ಹುಡುಗಿ, ಆಕಾಶದಿಂದ ಕಣ್ಣು ತೆಗೆಯದೆ.