ಚುಟ್ಟಿಯ ಮುಳ್ಳು

ಮಂಗಳೂರಿನ ಮಕ್ಕಳಿಗೆ ಫೋಟೊ ತಿದ್ದುವುದನ್ನು ಹೇಳಿಕೊಡಲು ಯಕ್ಷಗಾನದ ಬಣ್ಣದ ವೇಷಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ತೆಂಕುತಿಟ್ಟಿನ ರಕ್ಕಸ ವೇಷಧಾರಿ ಬಣ್ಣ ಹಚ್ಚುವ ಚೌಕಿಯಲ್ಲಿ ಕನ್ನಡಿಯ ಮುಂದೆ ಕೂತು, ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಮುಳ್ಳುಮುಳ್ಳಾಗಿ ಚುಟ್ಟಿ ಇಡುತ್ತಾನೆ. ಗಂಟೆಗಟ್ಟಲೆಯ ಕೆಲಸ. ರಂಗಸ್ಥಳದ ಝಗಝಗ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಫೋಟೊ ನೋಡಿದರೆ ಆ ಮುಳ್ಳುಗಳೆಲ್ಲ ಮಾಯ, ಉಳಿದದ್ದು ಬರೀ ಬಿಳಿ ಪಟ್ಟಿ.

ಫೋಟೊದಲ್ಲಿ ಕತ್ತಲೆ, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಂ ತೆರೆಸುತ್ತೇನೆ. ಬಲತುದಿಗೆ ಬೆಳಕೆಲ್ಲ ಒತ್ತರಿಸಿ ನಿಂತಿರುತ್ತದೆ. ಜೆಪೆಗ್ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255ರ ತನಕ 256 ಮೆಟ್ಟಿಲು. ಮೂರೂ 255 ಮುಟ್ಟಿದ ಕಡೆ ಎಷ್ಟು ಎಳೆದಾಡಿದರೂ ಬಿಳಿ ಹೋಗಿ ಬೂದು ಬಂದೀತು, ಮುಳ್ಳು ಬರಲಾರದು. ಅದೇ ವೇಷವನ್ನು ಬೆಳಕು ತುಸು ತಗ್ಗಿಸಿ, ಕ್ಯಾಮೆರಾಕ್ಕೆ ಸಿಕ್ಕಿದ್ದನ್ನು ಹಾಗೇ ಇಡುವ ರಾ ಫೈಲಿನಲ್ಲಿ ತೆಗೆದಿದ್ದರೆ ಕಥೆಯೇ ಬೇರೆ. 14 ಬಿಟ್ಟಿನ ರಾದಲ್ಲಿ 16,384 ಮೆಟ್ಟಿಲು! ಹೈಲೈಟ್ ಮೆಲ್ಲಗೆ ಇಳಿಸುತ್ತ ಹೋದ ಹಾಗೆ ಒಂದೊಂದೇ ಮುಳ್ಳು, ಬುಡದ ಸಣ್ಣ ನೆರಳಿನೊಂದಿಗೆ, ಎದ್ದು ನಿಲ್ಲುತ್ತದೆ. "ಸರ್, ಇದೆಲ್ಲ ಇದ್ರಲ್ಲೇ ಇತ್ತಾ?" ಎಂದು ಮಕ್ಕಳು ಕೇಳುತ್ತಾರಲ್ಲ, ಆ ಗಳಿಗೆಗಾಗಿಯೇ ನಾನು ಈ ಕೆಲಸಕ್ಕೆ ಅಂಟಿಕೊಂಡಿರುವುದು.

ರಾ ಫೈಲಿಗೆ ಡಾರ್ಕ್‌ಟೇಬಲ್, ಉಳಿದದ್ದಕ್ಕೆ ಗಿಂಪ್ ಎಂಬ ತಂತ್ರಾಂಶ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಗಿಂಪ್ ಅನ್ನು 1995ರಲ್ಲಿ ಶುರುಮಾಡಿದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಕೂಡ ಆಗ ಬರ್ಕ್‌ಲಿಯ ವಿದ್ಯಾರ್ಥಿಗಳೇ ಎಂದಾಗ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಇರೇಸರ್ ಮುಟ್ಟಬೇಡಿ, ಚಿತ್ರದ ಪದರಕ್ಕೆ ಮಾಸ್ಕ್ ಹಾಕಿ ಎನ್ನುತ್ತೇನೆ. ಮಾಸ್ಕಿನಲ್ಲಿ ಕಪ್ಪು ಬಳಿದರೆ ಆ ಪದರ ಅಡಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಏನೂ ನಷ್ಟವಿಲ್ಲ.

ಮುಖ ಬೆಳ್ಳಗೆ ಮಾಡುವುದು ಹೇಗೆಂದು ಕೇಳುವವರಿದ್ದಾರೆ. ಅದನ್ನು ಮಾತ್ರ ನಾನು ಕಲಿಸುವುದಿಲ್ಲ. ಬಂದರಿನ ಬಿಸಿಲಲ್ಲಿ ಮೀನು ಮಾರುವ ಹೆಂಗಸಿನ ಕೆನ್ನೆಯ ಕಂದಿನಲ್ಲಿ ಕೆಂಪೆಷ್ಟು, ಹಳದಿಯೆಷ್ಟು ಎಂದು ಬಣ್ಣ ತಿದ್ದುವ ಕರ್ವ್ಸ್‌ನಲ್ಲಿ ಹುಡುಕಿಸುತ್ತೇನೆ. ಅಷ್ಟು ತುಂಬಿದ ಬಣ್ಣವನ್ನು ತೊಳೆದು ಹಾಕಲು ಯಾರಿಗಾದರೂ ಮನಸ್ಸು ಹೇಗೆ ಬರುತ್ತದೋ!

ದಸರಾಕ್ಕೆ ಕುದ್ರೋಳಿ ಕಡೆ ಹುಲಿವೇಷಗಳು ಹೊರಡುತ್ತವೆ. ಮೈಗೆ ಬಳಿದ ಹಳದಿ ಪೈಂಟು ಬೆವರಿಗೆ ಫಳಫಳ ಹೊಳೆಯುತ್ತದೆ, ಪಟ್ಟೆಯ ಕಪ್ಪು ನೆರಳಿನಲ್ಲಿ ಮುಳುಗುತ್ತದೆ. ಆ ಹೊಳಪೂ ಹೋಗದ ಹಾಗೆ, ಈ ಕಪ್ಪೂ ಮುಚ್ಚಿಕೊಳ್ಳದ ಹಾಗೆ ಒಂದು ಫೋಟೊ ತನ್ನಿ, ಆಮೇಲೆ ತಿದ್ದೋಣ ಎಂದು ಹೇಳಿದ್ದೇನೆ. ಕ್ಯಾಮೆರಾ ಮೊದಲು ಯಾರ ಕೈಗೆ ಎಂಬ ಜಗಳ ಈಗಲೇ ಶುರುವಾಗಿದೆ.