ತೊಟ್ಟಿಯ ತಳದ ನೆರೆಹೊರೆ

ಗಾಜಿನ ತೊಟ್ಟಿಯ ತಳದಲ್ಲಿ ಬದುಕುವ ಮೀನನ್ನು ಕಸ ಗುಡಿಸುವ ಆಳೆಂದು ಬಗೆಯುವವರೇ ಹೆಚ್ಚು. ಗಪ್ಪಿಗಳಿದ್ದ ನಮ್ಮ 2 ಅಡಿಯ ತೊಟ್ಟಿಗೆಂದು ಅಂಗಡಿಯವರು ಮೊದಲು ತೋರಿಸಿದ್ದು ಪ್ಲೆಕೊ. ಬೆರಳುದ್ದದ ಆ ಮರಿ ಬೆಳೆದರೆ 30 ಸೆಂ.ಮೀ. ಮೀರುತ್ತದೆ, ಬೇಡವೆಂದೆ.

ನಾವು ಆರಿಸಿದ್ದು ದಕ್ಷಿಣ ಅಮೆರಿಕದ ಹೊಳೆಗಳ ಕೋರಿಡೋರಸ್. ಸುಮಾರು 6 ಸೆಂ.ಮೀ. ಉದ್ದದ ಸಾಧುಜೀವಿ. ಚೂಪು ಜಲ್ಲಿಗೆ ಅದರ ಮೀಸೆ ಸವೆಯುವುದರಿಂದ ನುಣ್ಣನೆಯ ಮರಳು ಹಾಸಿದೆವು. ಗಪ್ಪಿಗಳು ತಿಂದುಳಿದದ್ದು ಅದಕ್ಕೆ ಸಾಲದು. ರಾತ್ರಿ ದೀಪವಾರಿಸಿದ ಮೇಲೆ ಮುಳುಗುವ ಗುಳಿಗೆ ಹಾಕುತ್ತೇವೆ.

“ಒಂದು ಸಾಲದೇ ಅಪ್ಪಾ?” ಎಂದಳು ಮಗಳು. ಅನ್ಯರೊಡನೆ ಅದು ಕಾದಾಡದು. ಆದರೆ ತನ್ನದೇ ಬಗೆಯ ಐದಾರು ಮೀನುಗಳು ಜೊತೆಗಿಲ್ಲದಿದ್ದರೆ ಅಂಜಿ ಮೂಲೆ ಸೇರುತ್ತದೆ ಎಂದೆ. ಮಲಯಾಳದ ನಡುವೆ ಕನ್ನಡ ತರಗತಿಯಲ್ಲಿ ಕೂರುವ ಅವಳಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. 6 ಮೀನುಗಳನ್ನು ತಂದೆವು.