ಕಿಟಕಿ ಪಟ್ಟಿ ಬರೀ ಅಲಂಕಾರ ಅಲ್ಲ

ಇವತ್ತು ವಾಕಿಂಗ್ ಹೋಗ್ತಾ ನಮ್ಮ ಬೀದಿಯ ಹಳೇ ಮರದ ಮನೆ ಮುಂದೆ ನಿಂತುಬಿಟ್ಟೆ. ಇಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಎಷ್ಟೋ ಮನೆಗಳ ಹೊರಗೋಡೆಗೆ ವಿನೈಲ್ ಹೊದಿಸಿಬಿಟ್ಟಿದ್ದಾರೆ. ಅದು ಸಪಾಟಾಗಿ ಕೂರಲಿ ಅಂತ ಕಿಟಕಿ ಸುತ್ತಲಿನ ಮರದ ಪಟ್ಟಿಗಳನ್ನ ಎಷ್ಟೋ ಕಡೆ ಕಿತ್ತುಹಾಕಿರ್ತಾರೆ.

ಈ ಮನೆಯವರು ಈಗ ವಿನೈಲ್ ಬಿಚ್ಚಿಸಿದ್ದಾರೆ. ಒಳಗಿನ ಹಲಗೆ ಮೇಲೆ, ಪದರ ಪದರ ಬಣ್ಣದ ಅಂಚಿನಲ್ಲಿ, ಇಲ್ಲದ ಪಟ್ಟಿಯ ಆಕಾರ ಸ್ಪಷ್ಟವಾಗಿ ಉಳಿದಿದೆ! ಬಡಗಿ ಅದನ್ನೇ ಕಾಗದಕ್ಕೆ ಇಳಿಸಿಕೊಂಡು ಅದೇ ಅಳತೆಗೆ ಹೊಸದು ಕೊಯ್ತಿದ್ದರು.

ನೋಡ್ತಾ ನಿಂತಾಗ ಅನ್ನಿಸಿದ್ದು ಇಷ್ಟು. ಈ ಪಟ್ಟಿಗಳನ್ನ ನಾವು ಅಲಂಕಾರ ಅಂದುಕೊಳ್ತೀವಿ. ಆದರೆ ಮೇಲಿನ ಪಟ್ಟಿಯ ಇಳಿಜಾರು ಮಳೆ ನೀರನ್ನ ಗಾಜಿನಿಂದಾಚೆ ತಳ್ಳುತ್ತೆ. ಕೆಳಗಿನ ಪಟ್ಟಿಯ ಅಡಿಯಲ್ಲಿರುವ ಸಣ್ಣ ತೋಡು ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕೋ ಹಾಗೆ ಮಾಡುತ್ತೆ. ಇವೆರಡೂ ಹೋದರೆ ಚೌಕಟ್ಟು ಕೊಳೆಯೋಕೆ ಶುರು. ಚೆಂದ ಮತ್ತು ಉಪಯೋಗ ಎರಡನ್ನೂ ಒಂದೇ ಮರದಲ್ಲಿ ಕೂಡಿಸಿದ ಆ ಕಾಲದ ಬಡಗಿಗಳಿಗೆ ನಿಜಕ್ಕೂ ಕೈ ಮುಗಿಯಬೇಕು.

ಹಳೇ ಮನೆ ಇರೋರಿಗೆ ಒಂದು ಕೋರಿಕೆ. ಕೊಳೆತಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸಿ, ಗಟ್ಟಿ ಇರೋದನ್ನ ಎಸೆಯಬೇಡಿ. 1978ಕ್ಕಿಂತ ಹಿಂದಿನ ಅಮೆರಿಕದ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು, ಒಣದಾಗಿ ಉಜ್ಜಲೇಬೇಡಿ. ಕೀಳಲೇಬೇಕಾದರೆ ಮೊದಲು ಫೋಟೋ, ಅಳತೆ ತೆಗೆದಿಟ್ಟುಕೊಳ್ಳಿ.

ನಿಮ್ಮ ಕಡೆ ಹೀಗೆ ಹಳೇ ಕಿಟಕಿಗೆ ಅದರ ಮೂಲ ರೂಪ ಮರಳಿ ಕೊಟ್ಟವರು ಇದ್ದಾರಾ? ಫೋಟೋ ಇದ್ದರೆ ಹಾಕಿ, ನೋಡೋ ಆಸೆ.